ಬಿಸಿಲಿಗೆ ನಿಂತರೆ ಸ್ಟಾರ್ಟ್ ಆಗದ ಹಳೇ ಹೋಂಡಾ ಸಿಟಿ: ಇಸಿಯು ಬದಲಿಸುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ಮದು ಬಳ್ಳಾರಿ, ಕೌಲ್ ಬಜಾರ್. ಅಪ್ಪ ಕೊಂಡಿದ್ದ 2000ನೇ ಇಸವಿಯ ಹೋಂಡಾ ಸಿಟಿ 1.5 ಇದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮಾತ್ರ, ಕಾರು ನಿಂತು ಎಂಜಿನ್ ಓಡುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರುತ್ತೆ, ಇಳಿಯುತ್ತೆ, ಒಂದು ಕಡೆ ನಿಲ್ಲಲ್ಲ. ಮಧ್ಯಾಹ್ನ ಬಿಸಿಲಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲಿಸಿ ಬಂದರೆ ಸೆಲ್ಫ್ ಜೋರಾಗೇ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಸಂಜೆ ತಾನಾಗೇ ಸರಿಹೋಗುತ್ತೆ. ಮೈಲೇಜು 13 ಇದ್ದದ್ದು 9ಕ್ಕೆ ಬಂದಿದೆ. ಪ್ಲಗ್ಗು, ಪೆಟ್ರೋಲ್ ಪಂಪು ಬದಲಿಸಿದ್ದಾಯ್ತು, ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾಯ್ತು. ಈಗ ಮೆಕ್ಯಾನಿಕ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ತರಿಸೋಣ ಅಂತಿದ್ದಾರೆ. ಹಾಕಿಸಲಾ? ಕಾರು ಮಾರೋಕೆ ಮನಸ್ಸಿಲ್ಲ.

ಉತ್ತರ: ಬೇಡ. ಇಸಿಯುಗೆ ಈಗಲೇ ದುಡ್ಡು ಹಾಕಬೇಡಿ. ಇಸಿಯು ಹೋಗಿದ್ದರೆ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಎಂಜಿನ್ ಹಿಡಿಯುವುದು, ಸಂಜೆ ತಾನಾಗೇ ಸರಿಹೋಗುವುದು ತೀರಾ ಅಪರೂಪ. ನೀವು ಹೇಳಿದ ಲಕ್ಷಣಕ್ಕೆ ಅದಕ್ಕಿಂತ ಎಷ್ಟೋ ಅಗ್ಗದ, ಎಷ್ಟೋ ಸಾಮಾನ್ಯವಾದ ಕಾರಣಗಳಿವೆ. ಅವನ್ನು ನೋಡದೆ ಇಸಿಯು ಅನ್ನುವುದು ಸರಿಯಲ್ಲ.

ಮೊದಲಿಗೆ ಒಂದು ಮಾತು. ನಿಮ್ಮ ಕಾರಿನಲ್ಲಿ ಇರುವುದು ಒಂದೇ ರೋಗ ಅಂತ ಅಂದುಕೊಳ್ಳಬೇಡಿ. ಬಿಸಿಲಲ್ಲಿ ಸ್ಟಾರ್ಟ್ ಆಗದಿರುವುದು ಒಂದು, ಐಡ್ಲಿಂಗ್ ಏರಿಳಿಯುವುದು ಇನ್ನೊಂದು, ಮೈಲೇಜು ಬಿದ್ದಿರುವುದು ಬಹುಶಃ ಮತ್ತೊಂದು. ಇಪ್ಪತ್ತೈದು ವರ್ಷದ ಕಾರಿನಲ್ಲಿ ಎರಡು ಮೂರು ಸಣ್ಣ ದೋಷ ಒಟ್ಟಿಗೆ ಸೇರಿಕೊಳ್ಳುವುದು ಮಾಮೂಲು. ಮೂರಕ್ಕೂ ಒಂದೇ ಕಾರಣ ಹುಡುಕುತ್ತಾ ಹೋದಾಗಲೇ ಕಡೆಗೆ ಬೆರಳು ಇಸಿಯು ಕಡೆ ತಿರುಗುವುದು.

ಬಿಸಿಲಿನ ವಿಷಯದಿಂದಲೇ ಶುರು ಮಾಡೋಣ, ಯಾಕಂದ್ರೆ ನಿಮ್ಮನ್ನು ನಡುಬೀದಿಯಲ್ಲಿ ನಿಲ್ಲಿಸುವುದು ಅದೇ.

ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲ ಅಂದರೆ ಆ ಹೊತ್ತಿಗೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಯಾವುದು ಅಂತ ತಿಳಿಯಬೇಕಾದರೆ ಕಾರು ಕೈಕೊಟ್ಟಿರುವ ಹೊತ್ತಲ್ಲೇ ನೋಡಬೇಕು. ಸಂಜೆ ತಂಪಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ನಿಮ್ಮ ಮೆಕ್ಯಾನಿಕ್ ಒಂದಾದ ಮೇಲೊಂದು ಪಾರ್ಟು ಬದಲಿಸಿದ್ದಕ್ಕೆ ಇದೇ ಕಾರಣ ಇರಬೇಕು. ದೋಷ ಕಣ್ಣೆದುರು ಇಲ್ಲದಾಗ ಅವರಾದರೂ ಏನು ಮಾಡಿಯಾರು?

ಮುಂದಿನ ಸಲ ಹೀಗಾದಾಗ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಸುಮ್ನೆ ಬ್ಯಾಟರಿ ಇಳಿಯುತ್ತದೆ. ಕಿಟಕಿ ಮುಚ್ಚಿ, ಫ್ಯಾನ್, ಸ್ಟೀರಿಯೋ ಎಲ್ಲಾ ಆಫ್ ಮಾಡಿ. ಕೀ ಪೂರ್ತಿ ಆಫ್ ಮಾಡಿ, ಆಮೇಲೆ ಸ್ಟಾರ್ಟ್‌ವರೆಗೆ ತಿರುಗಿಸದೆ ಆನ್‌ಗೆ ಮಾತ್ರ ತನ್ನಿ. ಈಗ ಎರಡು ಸಂಗತಿ ಆಗಬೇಕು. ಮೀಟರಿನಲ್ಲಿ ಚೆಕ್ ಎಂಜಿನ್ ಲೈಟು ಹತ್ತಿ ಸುಮಾರು ಎರಡು ಸೆಕೆಂಡಿಗೆ ಆರಬೇಕು. ಅದೇ ಎರಡು ಸೆಕೆಂಡು ಹಿಂದಿನ ಸೀಟಿನ ಕಡೆಯಿಂದ ಪಂಪು ಗುಂಯ್ ಅನ್ನುವ ಸದ್ದು ಕೇಳಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಲೈಟು ಹತ್ತಲೇ ಇಲ್ಲ ಅಂದರೆ ಇಸಿಯುಗೆ ಕರೆಂಟೇ ಹೋಗುತ್ತಿಲ್ಲ. ಇಸಿಯು ಕೆಟ್ಟಿದೆ ಅಂತ ಅರ್ಥ ಅಲ್ಲ, ಅದಕ್ಕೆ ಹನ್ನೆರಡು ವೋಲ್ಟ್ ಮುಟ್ಟುತ್ತಿಲ್ಲ ಅಂತ. ಲೈಟು ಸರಿಯಾಗಿ ಹತ್ತಿ ಆರಿತು, ಪಂಪಿನ ಸದ್ದು ಮಾತ್ರ ಇಲ್ಲ ಅಂದರೆ ಪಂಪಿನ ದಾರಿಯಲ್ಲಿ ಎಲ್ಲೋ ಕರೆಂಟು ತಪ್ಪುತ್ತಿದೆ. ಈ ಎರಡು ದಾರಿಯೂ ಹಾದು ಹೋಗುವ ಜಾಗ ಒಂದೇ. ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿರುವ ಮೇನ್ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು.

ಆ ಕಾಲದ ಹೋಂಡಾಗಳಲ್ಲಿ ಈ ರಿಲೇ ಒಂದು ಸಣ್ಣ ಡಬ್ಬಿ, ಅದರೊಳಗೆ ಎರಡು ರಿಲೇ. ಒಂದು ಇಸಿಯುಗೂ ಇಂಜೆಕ್ಟರಿಗೂ ಕರೆಂಟು ಕೊಡುತ್ತದೆ, ಇನ್ನೊಂದು ಪಂಪಿಗೆ. ಡಬ್ಬಿಯ ಹೊದಿಕೆ ಬಿಚ್ಚಿ ಒಳಗಿನ ಬೋರ್ಡನ್ನು ತಿರುಗಿಸಿ, ದಪ್ಪ ಪಿನ್ನುಗಳು ಬೋರ್ಡಿಗೆ ಬೆಸೆದಿರುವ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಪಿನ್ನಿನಿಂದ ಬೋರ್ಡಿಗೆ ಒಂದೇ ಸಮ ಇಳಿಜಾರಾಗಿ ಕೂತಿರುತ್ತದೆ. ಕೆಟ್ಟ ಬೆಸುಗೆ ಮಂಕಾಗಿರುತ್ತದೆ, ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಾಣುತ್ತದೆ. ಆ ಉಂಗುರವೇ ಬಿರುಕು. ತಂಪಿದ್ದಾಗ ಎರಡು ಅಂಚು ಮುಟ್ಟಿಕೊಂಡಿರುತ್ತವೆ, ಕೆಲಸ ನಡೆಯುತ್ತದೆ. ಬಳ್ಳಾರಿಯ ಏಪ್ರಿಲ್ ಮೇ ಬಿಸಿಲಲ್ಲಿ ಗ್ಲಾಸು ಏರಿಸಿ ಕಾರು ನಿಲ್ಲಿಸಿದರೆ ಡ್ಯಾಶಿನ ಅಡಿ ಹೊರಗಿನ 40 ಡಿಗ್ರಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆಗ ಎಲ್ಲಾ ಹಿಗ್ಗಿ ಬಿರುಕು ಬಾಯಿ ಬಿಡುತ್ತದೆ, ಕರೆಂಟು ನಿಲ್ಲುತ್ತದೆ. ನಿಮ್ಮ ಕಾರು ಸಂಜೆ ಸರಿಹೋಗುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಪರೀಕ್ಷೆ ಸುಲಭ. ಕಾರು ಹಿಡಿಯದೆ ನಿಂತಾಗ ನಾಲ್ಕೂ ಬಾಗಿಲು ತೆಗೆದು ಹತ್ತು ನಿಮಿಷ ಗಾಳಿ ಆಡಲು ಬಿಡಿ. ಆಮೇಲೆ ಸ್ಟಾರ್ಟ್ ಆದರೆ ಅನುಮಾನ ಗಟ್ಟಿ. ಅಥವಾ ಕೀ ಆನ್ ಇಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಯನ್ನು ಮೆಲ್ಲಗೆ ತಟ್ಟಿ. ತಟ್ಟಿದ ಕೂಡಲೇ ಕ್ಲಿಕ್ ಅಂದು ಪಂಪು ಸದ್ದು ಮಾಡಿದರೆ ಇನ್ನು ಬೇರೆ ಕಡೆ ಹುಡುಕುವುದೇ ಬೇಡ. ರಿಪೇರಿಗೆ ಕಾರಿನ ಗ್ಯಾರೇಜೇ ಆಗಬೇಕಿಲ್ಲ. ಟಿವಿ, ಯುಪಿಎಸ್ ಬೋರ್ಡು ರಿಪೇರಿ ಮಾಡುವವರ ಹತ್ತಿರ ಕೊಟ್ಟು, ಹಳೇ ಬೆಸುಗೆ ತೆಗೆದು ಎಲ್ಲಾ ದಪ್ಪ ಪಿನ್ನುಗಳಿಗೂ ಹೊಸದಾಗಿ ಸೋಲ್ಡರ್ ಹಾಕಿಸಿ. ಬಿರುಕು ಕಂಡ ಒಂದೇ ಪಿನ್ನಿಗೆ ಹಾಕಿಸಿ ಬಿಡಬೇಡಿ, ಉಳಿದವೂ ಅಷ್ಟೇ ವಯಸ್ಸಿನವು. ಹೊಸ ರಿಲೇ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದು ವೇಳೆ ರಿಲೇ ಚೆನ್ನಾಗಿದ್ದು, ಆದರೂ ಕೀ ಆನ್ ಮಾಡಿದಾಗ ಲೈಟು ಒಮ್ಮೆ ಬಂದು ಒಮ್ಮೆ ಬರದೇ ಇದ್ದರೆ ಇಗ್ನಿಷನ್ ಸ್ವಿಚ್ಚಿನ ಹಿಂಭಾಗದ ಕಾಂಟ್ಯಾಕ್ಟ್ ನೋಡಿಸಿ. ಕೀ ಗೊಂಚಲು ಭಾರ ಇದ್ದರೆ ಅದನ್ನು ಇವತ್ತೇ ತೆಗೆಯಿರಿ, ಆ ಭಾರಕ್ಕೆ ಸ್ವಿಚ್ಚು ಸವೆಯುತ್ತದೆ.

ಇನ್ನು ಮೂರನೇ ಸಾಧ್ಯತೆ. ಲೈಟೂ ಸರಿ, ಪಂಪೂ ಸರಿ, ಆದರೂ ಹಿಡಿಯುತ್ತಿಲ್ಲ. ಆಗ ಕಿಡಿಯ ಕಡೆ ಬನ್ನಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳನ್ನು ನೋಡಿ. ಸ್ವಲ್ಪವಾದರೂ ಅಲುಗಿದರೆ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಸಂಕೇತ ಹೋಗುತ್ತಿದೆ. ಸೊನ್ನೆಯಲ್ಲೇ ಸತ್ತಂತೆ ಕೂತಿದ್ದರೆ ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಒಳಗಿದ್ದು ಕಾಯಿಲನ್ನು ಆನ್ ಆಫ್ ಮಾಡುವ ಇಗ್ನೈಟರ್ ಮೇಲೆ ಅನುಮಾನ ಪಡಿ. ಇದೂ ಬಿಸಿಯಾದಾಗ ಕೈಕೊಟ್ಟು ತಂಪಾದಾಗ ಎದ್ದು ಕೂರುವ ಜಾತಿಯೇ. ಆದರೆ ಒಂದು ವ್ಯತ್ಯಾಸ ಇದೆ: ಇಗ್ನೈಟರ್ ಓಡುವಾಗಲೂ ಕೈಕೊಡುತ್ತದೆ. ಹೊಸಪೇಟೆ ರೋಡಿನಲ್ಲಿ ಹೋಗುತ್ತಿರುವಾಗ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದು ಎಂಜಿನ್ ಸುಮ್ಮನಾಗುತ್ತದೆ. ನಿಮಗೆ ಹಾಗೆ ಆಗಿಲ್ಲ ಅನ್ನಿಸುತ್ತೆ, ಆಗಿದ್ದರೆ ಬರೆಯುತ್ತಿದ್ದಿರಿ. ಹಾಗಾಗಿ ನನ್ನ ಮೊದಲ ಅನುಮಾನ ರಿಲೇ ಮೇಲೆಯೇ.

ಕಿಡಿ ನೋಡುವಾಗ ಜೋಪಾನ. ಪ್ಲಗ್ ವೈರನ್ನು ಗಾಳಿಯಲ್ಲಿ ಹಿಡಿದು ಸೆಲ್ಫ್ ಹೊಡೆಸುವ ಅಭ್ಯಾಸ ಕೆಟ್ಟದ್ದು. ಹಾರಲು ಜಾಗ ಸಿಗದ ಸಾವಿರಾರು ವೋಲ್ಟು ಇಗ್ನೈಟರನ್ನು ಸುಡಬಹುದು, ನಿಮ್ಮ ಕೈಗೂ ಹೊಡೆಯಬಹುದು. ಒಂದು ಒಳ್ಳೆಯ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಜಂಪರ್ ಕೇಬಲಿನಿಂದ ಎಂಜಿನ್ನಿಗೆ ಗಟ್ಟಿಯಾಗಿ ಅರ್ತ್ ಮಾಡಿ. ಪಂಪಿನ ಫ್ಯೂಸ್ ತೆಗೆದಿಡಿ. ಹತ್ತಿರ ಪೆಟ್ರೋಲ್ ಸೋರಿಕೆ ಇರಬಾರದು.

ಪೆಟ್ರೋಲ್ ಬಿಸಿಗೆ ಆವಿಯಾಗಿ ಸಿಕ್ಕಿಕೊಂಡಿದೆ, ಪಂಪಿಗೆ ಒದ್ದೆ ಬಟ್ಟೆ ಹಾಕಿ ಅಂತ ಯಾರಾದರೂ ಹಿರಿಯರು ಹೇಳಬಹುದು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಅದು ಸರಿಯಾದ ಮದ್ದೇ ಆಗಿತ್ತು, ಯಾಕಂದ್ರೆ ಅವುಗಳ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು. ನಿಮ್ಮ ಕಾರಿನಲ್ಲಿ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿದೆ, ಲೈನಿನಲ್ಲಿ ಸುಮಾರು ಮೂರು ಬಾರ್ ಒತ್ತಡ ಇದೆ. ಅಷ್ಟು ಒತ್ತಡದಲ್ಲಿ ಆವಿ ಸುಲಭಕ್ಕೆ ಹುಟ್ಟಲ್ಲ. ನಿಲ್ಲಿಸಿದ ಮೇಲೆ ಒತ್ತಡ ಇಳಿದುಹೋಗುತ್ತಿದ್ದರೆ ಮಾತ್ರ ತೊಂದರೆ. ಹಾಗಿದ್ದರೆ ಕೀಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಪಂಪಿನ ಸದ್ದು ಮುಗಿಯಲು ಬಿಟ್ಟು, ಆಮೇಲೆ ಸೆಲ್ಫ್ ಹೊಡೆದರೆ ಹಿಡಿಯುತ್ತದೆ. ಅಂದ ಹಾಗೆ ಟ್ಯಾಂಕು ಸದಾ ರಿಸರ್ವಿನಲ್ಲಿ ಇಟ್ಟು ಓಡಿಸಬೇಡಿ. ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ.

ಈಗ ಐಡ್ಲಿಂಗ್ ಏರಿಳಿತ. ಇದರ ಹಿಂದಿನ ಕೆಲಸ ತಿಳಿದರೆ ಹುಡುಕುವುದು ಸಲೀಸು. ನಿಮ್ಮ ಕಾರಿನ ಇಸಿಯು ಒಳಗೆ ಬರುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾಪ್ ಸೆನ್ಸರಿನಿಂದ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡಿ ಗಾಳಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಎಲ್ಲಿಂದಲೋ ಜಾಸ್ತಿ ಗಾಳಿ ನುಸುಳಿದರೆ ಒತ್ತಡ ಏರುತ್ತದೆ, ಅದಕ್ಕೆ ತಕ್ಕ ಪೆಟ್ರೋಲನ್ನೂ ಅದು ಕೊಡುತ್ತದೆ, ಆರ್‌ಪಿಎಂ ಏರುತ್ತದೆ. ಆದರೆ ನೀವು ಆಕ್ಸಿಲರೇಟರ್ ತುಳಿದಿಲ್ಲ. ಪೆಡಲ್ ಬಿಟ್ಟಿದ್ದಾರೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ, ಅಂದರೆ ಕಾರು ಇಳಿಜಾರಲ್ಲಿ ಹೋಗುತ್ತಿರಬೇಕು ಅಂತ ಲೆಕ್ಕ ಹಾಕಿ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಆರ್‌ಪಿಎಂ ಬೀಳುತ್ತದೆ. ಬಿದ್ದ ಕೂಡಲೇ ಮತ್ತೆ ಪೆಟ್ರೋಲ್ ಕೊಡುತ್ತದೆ, ಮತ್ತೆ ಏರುತ್ತದೆ. ನೀವು ನೋಡುತ್ತಿರುವುದು ಈ ಆಟವನ್ನೇ. ಇಲ್ಲಿ ಇಸಿಯು ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ, ಬೇಡದ ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದೇ ಪ್ರಶ್ನೆ.

ಮೊದಲು ರೇಡಿಯೇಟರ್ ನೋಡಿ. ಕಾರು ಪೂರ್ತಿ ತಣ್ಣಗಿರುವಾಗ ಬೆಳಿಗ್ಗೆ ಮುಚ್ಚಳ ತೆಗೆದು ನೀರು ಕಂಠಮಟ್ಟ ಇದೆಯಾ ಅಂತ ನೋಡಿ. ಬಿಸಿ ಇರುವಾಗ ಯಾವ ಕಾರಣಕ್ಕೂ ತೆಗೆಯಬೇಡಿ. ಐಡ್ಲಿಂಗಿಗೂ ರೇಡಿಯೇಟರಿಗೂ ಏನು ಸಂಬಂಧ ಅಂತ ಕೇಳಬಹುದು. ಈ ಹೋಂಡಾ ಎಂಜಿನ್‌ಗಳಲ್ಲಿ ಐಡ್ಲಿಂಗ್ ಗಾಳಿ ನಿಯಂತ್ರಿಸುವ ವಾಲ್ವಿನ ಮೂಲಕ ಕೂಲೆಂಟ್, ಅಂದರೆ ರೇಡಿಯೇಟರಿನ ನೀರು, ಹರಿಯುತ್ತದೆ. ಕೆಲವದರಲ್ಲಿ ಇನ್ನೊಂದು ವಾಲ್ವೂ ಇದೆ, ಒಳಗೆ ಮೇಣ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಅದು ತೆರೆದಿದ್ದು ಜಾಸ್ತಿ ಗಾಳಿ ಬಿಡುತ್ತದೆ. ಬಿಸಿ ನೀರು ಮುಟ್ಟಿದ ಮೇಲೆ ಮೇಣ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಕೂಲೆಂಟ್ ಕಮ್ಮಿ ಇದ್ದರೆ, ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಇಲ್ಲವೇ ಆ ಸಣ್ಣ ದಾರಿ ಕಟ್ಟಿಕೊಂಡಿದ್ದರೆ ಬಿಸಿ ಅಲ್ಲಿಗೆ ಮುಟ್ಟಲ್ಲ, ವಾಲ್ವು ಮುಚ್ಚಲ್ಲ.

ನಮ್ಮ ಕಡೆ ದಾರಿ ಕಟ್ಟಿಕೊಳ್ಳಲು ಬೋರ್ ನೀರು ಸಾಕು. ಕೊಡಪಾನದ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಅದೇ ಉಪ್ಪು ಎಂಜಿನ್ ಒಳಗೂ ಕಟ್ಟುತ್ತದೆ. ದಯವಿಟ್ಟು ರೇಡಿಯೇಟರಿಗೆ ಬೋರ್ ನೀರು ಹಾಕಿಸಬೇಡಿ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿಸಿ, ಹಾಕುವಾಗ ಒಳಗಿನ ಗಾಳಿ ತೆಗೆಸಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವು) ಹತ್ತಿರ ಅದಕ್ಕೆಂದೇ ಒಂದು ಬೋಲ್ಟ್ ಇದ್ದರೆ ಅದರಿಂದ, ಇಲ್ಲದಿದ್ದರೆ ಮುಚ್ಚಳ ತೆಗೆದಿಟ್ಟು ತಣ್ಣಗಿನಿಂದ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋಗಬೇಕು. ಎಷ್ಟೋ ಹೋಂಡಾಗಳ ಐಡ್ಲಿಂಗ್ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗಲಿಲ್ಲ ಅಂದರೆ ಥ್ರಾಟಲ್ ಬಾಡಿಗೆ (ಆಕ್ಸಿಲರೇಟರ್ ತುಳಿದಂತೆ ಗಾಳಿ ಬಿಡುವ ಭಾಗ) ಬರುವ ದಪ್ಪ ಗಾಳಿ ಪೈಪ್ ಕಳಚಿ. ಒಳಗೆ, ಚಿಟ್ಟೆ ವಾಲ್ವಿನ ಮುಂದೆ, ಐಡ್ಲಿಂಗ್ ಗಾಳಿ ಎಳೆಯುವ ತೂತು ಕಾಣುತ್ತದೆ. ಎಂಜಿನ್ ಬಿಸಿಯಾಗಿ ಏರಿಳಿಯುತ್ತಿರುವಾಗ ಅದನ್ನು ಬೆರಳಿನಿಂದ ಮುಚ್ಚಿ. ಏರಿಳಿತ ನಿಂತರೆ ಬೇಡದ ಗಾಳಿ ಆ ದಾರಿಯಿಂದಲೇ ಬರುತ್ತಿದೆ, ವಾಲ್ವು ಬಿಚ್ಚಿ ತೊಳೆಯಬೇಕು ಇಲ್ಲವೇ ಬದಲಿಸಬೇಕು. ನಿಲ್ಲದಿದ್ದರೆ ಮ್ಯಾನಿಫೋಲ್ಡಿನ ರಬ್ಬರ್ ಪೈಪುಗಳಲ್ಲಿ ಎಲ್ಲೋ ಸೀಳು ಇರಬಹುದು. ಒಂದೊಂದೇ ಪೈಪನ್ನು ಪ್ಲೈಯರಿನಿಂದ ಮೆಲ್ಲಗೆ ಹಿಂಡುತ್ತಾ ಹೋಗಿ, ಯಾವುದನ್ನು ಹಿಂಡಿದಾಗ ಎಂಜಿನ್ ಶಾಂತವಾಗುತ್ತೋ ಅದೇ ಕಳ್ಳ. ಬ್ರೇಕ್ ಬೂಸ್ಟರಿನ ದಪ್ಪ ಪೈಪನ್ನು ಮರೆಯಬೇಡಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಅದು ಬೆಂಕಿ ಹತ್ತುವ ವಸ್ತು. ಥ್ರಾಟಲ್ ಬಾಡಿಯ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಸರಿಮಾಡುವ ಪ್ರಯತ್ನಕ್ಕೂ ಬಿಡಬೇಡಿ, ದೋಷ ಮುಚ್ಚಿಹೋಗುತ್ತದೆ ಅಷ್ಟೇ.

ಪೈಪ್ ಕಳಚಿದಾಗ ಒಳಗೆ ಕೆಂಪು ಧೂಳು ಕಂಡರೆ ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಸಂಡೂರು, ತೋರಣಗಲ್ಲು ಕಡೆ ಓಡಾಟ ಇದ್ದರೆ ಅದಿರಿನ ಧೂಳು ಎಲ್ಲಾ ಕಡೆ ನುಗ್ಗುತ್ತದೆ. ಫಿಲ್ಟರನ್ನು ಬುಕ್ಕಿನಲ್ಲಿ ಬರೆದಿರುವ ಕಿಲೋಮೀಟರಿಗೆ ಕಾಯದೆ ಬೇಗ ಬದಲಿಸಿ.

ಮೈಲೇಜಿನ ಬಗ್ಗೆ. ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಅಂತ ಹೇಳಿ ಕೈತೊಳೆದುಕೊಳ್ಳುವವರು ಸಿಗುತ್ತಾರೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ, ನಿಜ. ಆದರೆ 20 ಭಾಗ ಬೆರೆಸಿದರೆ ಒಟ್ಟು ಶಕ್ತಿ ಶೇ. 6-7ರಷ್ಟು ಇಳಿಯುತ್ತದೆ. ಅದು 13ನ್ನು 12ಕ್ಕೆ ತರಬಹುದು, 9ಕ್ಕೆ ತರಲ್ಲ. ನಿಮ್ಮ ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆ. ಪ್ಲಗ್ಗು ಬಿಚ್ಚಿಸಿ ನೋಡಿ, ತುದಿಯಲ್ಲಿ ಒಣ ಕಪ್ಪು ಮಸಿ ಇದ್ದರೆ ಖಾತ್ರಿ.

ನನಗೆ ಮೊದಲು ಹೊಳೆಯುವ ಪ್ರಶ್ನೆ: ನಿಮ್ಮ ಕಾರಿನಲ್ಲಿ ಥರ್ಮೋಸ್ಟಾಟ್ ಇದೆಯಾ? ಇಲ್ಲಿಯ ಬಿಸಿಲಿಗೆ ಅದು ಯಾಕೆ ಬೇಕು ಅಂತ ತೆಗೆದು ಬಿಸಾಕಿರುವ ಕಾರುಗಳು ನಮ್ಮ ಕಡೆ ತುಂಬಾ ಇವೆ. ಅದು ಇಲ್ಲದಿದ್ದರೆ ರಸ್ತೆಯಲ್ಲಿ ಓಡುವಾಗ ಎಂಜಿನ್ ತಕ್ಕ ಬಿಸಿಗೆ ಬರಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಇರುತ್ತದಾ ನೋಡಿ. ಇದ್ದರೆ ಹೊಸ ಥರ್ಮೋಸ್ಟಾಟ್ ಹಾಕಿಸಿ, ಬೆಲೆ ಜಾಸ್ತಿ ಏನಲ್ಲ.

ಮುಳ್ಳು ಸರಿಯಾಗಿದ್ದರೂ ನಿಶ್ಚಿಂತೆ ಬೇಡ. ಮುಳ್ಳಿಗೆ ಬೇರೆ ಸೆನ್ಸರ್ ಇದೆ, ಇಸಿಯುಗೆ ಬೇರೆ. ಇಸಿಯುದು ಎರಡು ವೈರಿನದ್ದು. ಅದರ ಕನೆಕ್ಟರ್ ತೆಗೆದು ಮಲ್ಟಿಮೀಟರಿನಿಂದ ಓಮ್ಸ್ ನೋಡಿ. 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್ಸ್ ಇರುತ್ತದೆ, ಎಂಜಿನ್ ಬಿಸಿಯಾಗಿ 80 ದಾಟಿದಾಗ 200-400ರ ಆಸುಪಾಸಿಗೆ ಇಳಿಯಬೇಕು. ಬಿಸಿಯಾದರೂ ಸಾವಿರದ ಮೇಲೇ ಕೂತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇದರಿಂದ ಮೈಲೇಜು ಬೀಳುವುದಲ್ಲದೆ ಬಿಸಿ ಎಂಜಿನ್ ಸ್ಟಾರ್ಟ್ ಆಗುವುದೂ ಕಷ್ಟವಾಗುತ್ತದೆ. ಹಾಗಾಗಿ ರಿಲೇ ಆದ ಮೇಲೆ ಎರಡನೆಯದಾಗಿ ಇದನ್ನೇ ನೋಡಿಸಿ. ಹಳೇ ಆಕ್ಸಿಜನ್ ಸೆನ್ಸರೂ ಕಾರಣ ಇರಬಹುದು, ಅದು ದುಬಾರಿ, ಕೊನೆಗೆ ನೋಡಿದರೆ ಸಾಕು.

ಸ್ಕ್ಯಾನರ್ ಹತ್ತುವುದಿಲ್ಲ ಅಂತ ಗ್ಯಾರೇಜಿನಲ್ಲಿ ಹೇಳಿರಬಹುದು. ಈ ಕಾಲದ ಹೋಂಡಾಗೆ ಸ್ಕ್ಯಾನರ್ ಬೇಕಿಲ್ಲ. ಡ್ಯಾಶಿನ ಅಡಿಯಲ್ಲಿ ಯಾವುದಕ್ಕೂ ಸಿಕ್ಕಿಸದೆ ಬಿಟ್ಟಿರುವ ಎರಡು ಪಿನ್ನಿನ ಸಣ್ಣ ಕನೆಕ್ಟರ್ ಇರುತ್ತದೆ, ಅದನ್ನು ಒಂದು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟು ಮಿಣುಕಿ ಕೋಡ್ ಹೇಳುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. 3 ಬಂದರೆ ಮ್ಯಾಪ್ ಸೆನ್ಸರ್, 6 ಬಂದರೆ ಈಗ ಹೇಳಿದ ಕೂಲೆಂಟ್ ಸೆನ್ಸರ್, 7 ಥ್ರಾಟಲ್ ಸೆನ್ಸರ್, 14 ಐಡ್ಲಿಂಗ್ ವಾಲ್ವು, 4, 8, 9 ಡಿಸ್ಟ್ರಿಬ್ಯೂಟರ್ ಕಡೆಯವು. ಪಕ್ಕದಲ್ಲಿ ಮೂರು ಪಿನ್ನಿನದ್ದೂ ಇರಬಹುದು, ಅದನ್ನು ಮುಟ್ಟಬೇಡಿ. ಕೋಡ್ ಇಲ್ಲ ಅಂದರೆ ಸೆನ್ಸರ್ ಎಲ್ಲಾ ಸರಿ ಅಂತಲೂ ಅಲ್ಲ. ವೈರು ತುಂಡಾದರೆ ಇಸಿಯುಗೆ ಗೊತ್ತಾಗುತ್ತದೆ, ಸೆನ್ಸರ್ ನಂಬುವಂಥ ಸುಳ್ಳು ಹೇಳಿದರೆ ಗೊತ್ತಾಗಲ್ಲ. ಅದಕ್ಕೇ ಮಲ್ಟಿಮೀಟರ್ ಬೇಕು ಅಂದದ್ದು.

ಅರ್ತ್ ವೈರುಗಳನ್ನೂ ಒಮ್ಮೆ ಬಿಚ್ಚಿ ಉಜ್ಜಿಸಿ. ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಬೋಲ್ಟ್ ಆಗಿರುವುದು ಇಸಿಯುದೇ ಅರ್ತ್. ಕೂಲೆಂಟ್ ಸೋರಿ ಅಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಎಲ್ಲಾ ಸೆನ್ಸರುಗಳ ಲೆಕ್ಕವೂ ತಪ್ಪುತ್ತದೆ.

ಇಷ್ಟೆಲ್ಲಾ ನೋಡಿ, ಇಸಿಯುಗೆ ಹನ್ನೆರಡು ವೋಲ್ಟೂ ಅರ್ತೂ ಸರಿಯಾಗಿ ಮುಟ್ಟುತ್ತಿದೆ, ಆದರೂ ಅದು ಸೆನ್ಸರುಗಳಿಗೆ ಐದು ವೋಲ್ಟ್ ಕೊಡುತ್ತಿಲ್ಲ ಅಂತಾದರೆ ಆಗ ಇಸಿಯು ಬಿಚ್ಚಿಸಿ. ಆಗಲೂ ಒಳಗಿನ ಕೆಪಾಸಿಟರ್ ಸೋರಿದೆಯಾ ಅಂತ ಬೋರ್ಡ್ ರಿಪೇರಿಯವರಿಗೆ ಮೊದಲು ತೋರಿಸಿ. ಸೆಕೆಂಡ್ ಹ್ಯಾಂಡ್ ತರಿಸಿದರೂ ಅದು ಇದೇ ಎಂಜಿನ್ನಿನದ್ದೇ ಆಗಿರಬೇಕು, ಮೇಲಿರುವ ನಂಬರ್ ತಾಳೆ ನೋಡಿಯೇ ದುಡ್ಡು ಕೊಡಿ. 1.3 ಎಂಜಿನ್ನಿನದ್ದು, ವಿಟೆಕ್ ಅನ್ನುವ ಇನ್ನೊಂದು ಎಂಜಿನ್‌ನದ್ದು ನಿಮಗೆ ಬರಲ್ಲ.

ಇನ್ನೊಂದು, ನೀವು ಕೇಳಿಲ್ಲ. ಟೈಮಿಂಗ್ ಬೆಲ್ಟ್ (ಪಿಸ್ಟನ್ನು, ವಾಲ್ವುಗಳ ಓಟವನ್ನು ತಾಳದಲ್ಲಿಡುವ ಬೆಲ್ಟು) ಯಾವಾಗ ಬದಲಿಸಿದ್ದು ಅಂತ ಅಪ್ಪನವರಿಗೆ ನೆನಪಿದೆಯಾ? ಬಿಲ್ಲು ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಈ ಎಂಜಿನ್ನಿನಲ್ಲಿ ಬೆಲ್ಟ್ ಕಿತ್ತರೆ ಪಿಸ್ಟನ್ ವಾಲ್ವಿಗೆ ಹೊಡೆದು ವಾಲ್ವು ಬಾಗುತ್ತದೆ, ಆಮೇಲೆ ಹೆಡ್ ಇಳಿಸಲೇಬೇಕು. ಇಸಿಯುಗೆ ಎತ್ತಿಟ್ಟ ದುಡ್ಡಿನಲ್ಲಿ ಬೆಲ್ಟು, ಟೆನ್ಷನರ್, ವಾಟರ್ ಪಂಪು ಮೂರನ್ನೂ ಒಟ್ಟಿಗೆ ಮಾಡಿಸಿ, ವಾಲ್ವ್ ಕ್ಲಿಯರೆನ್ಸೂ ಅವತ್ತೇ ಎಂಜಿನ್ ತಣ್ಣಗಿರುವಾಗ ಸೆಟ್ ಮಾಡಿಸಿ. ರಿಲೇಗೆ ಬೆಸುಗೆ ಹಾಕಿಸಿದ ಮೇಲೂ ಮಧ್ಯಾಹ್ನ ಹಿಡಿಯದಿದ್ದರೆ ಲೈಟು ಹತ್ತಿತಾ, ಪಂಪು ಸದ್ದು ಮಾಡಿತಾ, ಆರ್‌ಪಿಎಂ ಮುಳ್ಳು ಅಲುಗಿತಾ, ಈ ಮೂರನ್ನು ಬರೆದು ಕಳಿಸಿ, ಅಲ್ಲಿಂದ ಮುಂದೆ ನೋಡೋಣ.